ಇಂಜಿನ್ ಇಳಿಸದ ಊರು

ಮಾನೆಭಂಜಾಂಗ್‌ನ ಬೀದಿಯಲ್ಲಿ ಒಂದು ಬದಿಯ ಅಂಗಡಿ ಭಾರತದಲ್ಲಿದೆ, ಎದುರಿನದು ನೇಪಾಳದಲ್ಲಿ. ಡಾರ್ಜಿಲಿಂಗ್ ಜಿಲ್ಲೆಯ ಈ ಗಡಿಯೂರಿಗೆ ಬರುವವರೆಲ್ಲ ಸಂದಕ್‌ಫು ಹತ್ತಿ ಕಾಂಚನಜುಂಗಾ ನೋಡುವ ಆಸೆಯವರು. ನನಗೋ, ಬೀದಿಯುದ್ದಕ್ಕೂ ನಿಂತ ಲ್ಯಾಂಡ್ ರೋವರ್‌ಗಳಿಂದ ಕಣ್ಣು ಕೀಳಲಾಗುತ್ತಿಲ್ಲ. ಚಹಾ ತೋಟದ ಬ್ರಿಟಿಷ್ ದೊರೆಗಳ ಕಾಲದ, 1950ರ ದಶಕದ ಗಾಡಿಗಳು ಇವತ್ತಿಗೂ ಬಾಡಿಗೆಗೆ ಓಡುತ್ತಿವೆ! 1948ರಲ್ಲಿ ಲ್ಯಾಂಡ್ ರೋವರ್ ಹುಟ್ಟಿದಾಗ ಇಂಗ್ಲೆಂಡಿನಲ್ಲಿ ಉಕ್ಕಿಗೆ ಬರ, ಹಾಗಾಗಿ ಮೈಗೆ ಅಲ್ಯೂಮಿನಿಯಂ ಹೊದಿಸಿದರು. ಮಂಜು, ಮಳೆಗಳ ಈ ಊರಲ್ಲಿ ಅದೇ ವರವಾಗಿದೆ.

ನಾವು ಹತ್ತಬೇಕಿದ್ದ ಗಾಡಿ ಮಾತ್ರ ಶೆಡ್ಡಿನಲ್ಲಿದೆ. ಹೊಗೆ ಹೆಚ್ಚಾಗಿದೆ, ಆಯಿಲ್ ಕುಡಿಯುತ್ತಿದೆ, ರಿಂಗ್ ಹೋಗಿದೆ ಅಂತ ಚಾಲಕ ನೇಪಾಳಿ ಬೆರೆತ ಹಿಂದಿಯಲ್ಲಿ ಹೇಳುತ್ತಾನೆ. ಹಾಗಾದರೆ ಇಂಜಿನ್ ಇಳಿಸಬೇಕಲ್ಲ, ಪ್ರವಾಸ ಮುಗಿದಂತೆ ಎಂದುಕೊಂಡೆ. "ಇಳಿಸುವುದೇನೂ ಬೇಡ, ಕೂತಲ್ಲೇ ಕೆಲಸ" ಅನ್ನುತ್ತಾನೆ ಮೇಸ್ತ್ರಿ.

ಅಲ್ಲಿಂದ ನಾನು ಕದಲಲಿಲ್ಲ. ಚಳಿಗೆ ಬೆರಳು ಸೆಟೆದಿದೆ, ಕೈಯಲ್ಲಿರುವ ಚಹಾದ ಲೋಟಕ್ಕೂ ಗ್ರೀಸಿನ ಗುರುತು ಹತ್ತಿದೆ. ನೀರು, ಆಯಿಲ್ ಇಳಿಸಿ ಮೇಲಿನಿಂದ ಹೆಡ್ ಬಿಚ್ಚುತ್ತಾರೆ. ಗಾಡಿ ಎತ್ತರವಾದ್ದರಿಂದ ಹುಡುಗನೊಬ್ಬ ಗೋಣಿ ಹಾಸಿ ಅಡಿಗೆ ನುಸುಳಿ ಆಯಿಲ್ ಚೇಂಬರ್ ಕಳಚುತ್ತಾನೆ. ಈಗ ಇಂಜಿನ್‌ಗೆ ಮೇಲೂ ಬಾಗಿಲು, ಕೆಳಗೂ ಬಾಗಿಲು. ಸಿಲಿಂಡರ್ ಬಾಯಲ್ಲಿ ಗಟ್ಟಿ ಕಟ್ಟಿದ ಮಸಿಯನ್ನು ಮೇಸ್ತ್ರಿ ಮೊದಲು ಕೆರೆಯುತ್ತಾನೆ. ಇಲ್ಲದಿದ್ದರೆ ಹೊರಬರುವ ಪಿಸ್ಟನ್ ಅದಕ್ಕೆ ಸಿಕ್ಕಿ ರಿಂಗ್ ಮುರಿಯುತ್ತದಂತೆ. ಕೆಳಗಿನಿಂದ ಹುಡುಗ ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲನೆ ದೂಡುತ್ತಾನೆ; ಪಿಸ್ಟನ್ ಮೇಲೆದ್ದು ಮೇಸ್ತ್ರಿಯ ಅಂಗೈಗೆ ಬರುತ್ತದೆ. ಯಾವ ಸಿಲಿಂಡರಿನದು ಅದಕ್ಕೇ ಹೋಗಬೇಕು. ಆದ್ದರಿಂದ ರಟ್ಟಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಕ್ಯಾಪುಗಳ ಸಮೇತ ಸಾಲಾಗಿ ಇಟ್ಟಿದ್ದಾರೆ.

ಸಿಲಿಂಡರ್ ಉಜ್ಜುವ ಮುನ್ನ ಕ್ರ್ಯಾಂಕಿಗೆ ಬಟ್ಟೆ ಸುತ್ತಿದರು; ಒಂದು ಚಿಟಿಕೆ ಪುಡಿ ಬಿದ್ದರೂ ಹೊಸ ಬೇರಿಂಗ್ ಹಾಳು. ಆಮೇಲೆ ನೋಡಿದ ಕೈಚಳಕವನ್ನು ಮಾತ್ರ ನಾನು ಜನ್ಮದಲ್ಲಿ ಮರೆಯಲಾರೆ. ಕ್ರ್ಯಾಂಕನ್ನು ಹೊತ್ತ ಮೇನ್ ಬೇರಿಂಗಿನ ಕೆಳಗಿನ ಅರ್ಧವೇನೋ ಕ್ಯಾಪ್ ಜೊತೆ ಬಂತು. ಮೇಲಿನ ಅರ್ಧ ಕ್ರ್ಯಾಂಕಿಗೂ ಬ್ಲಾಕಿಗೂ ನಡುವೆ ಅಡಗಿದೆ, ಬೆರಳು ಹೋಗಲು ಜಾಗವಿಲ್ಲ. ಮೇಸ್ತ್ರಿ ತಲೆ ಚಪ್ಪಟೆ ಮಾಡಿದ ಪುಟ್ಟ ಪಿನ್ನನ್ನು ಕ್ರ್ಯಾಂಕಿನ ಆಯಿಲ್ ತೂತಿಗೆ ಸಿಕ್ಕಿಸಿ ಮುಂದಿನಿಂದ ಹ್ಯಾಂಡಲ್ ನಿಧಾನ ತಿರುಗಿಸುತ್ತಾನೆ. ಪಿನ್ನಿನ ತಲೆ ಹಳೆಯ ಚಿಪ್ಪಿನ ಅಂಚನ್ನು ದೂಡುತ್ತ ದೂಡುತ್ತ, ಅದು ಸುತ್ತಿಕೊಂಡು ಈಚೆ ಜಾರಿತು! ಹೊಸದೂ ಅದೇ ದಾರಿಯಲ್ಲಿ ಒಳಹೋಯಿತು. ಕ್ರ್ಯಾಂಕ್ ಮಾತ್ರ ಹೀಗೆ ಬರುವುದಿಲ್ಲ. ಅದರಲ್ಲಿ ಗೀರು ಬಿದ್ದಿದ್ದರೆ ಇಂಜಿನ್ ಇಳಿಸಲೇಬೇಕು. ಮೇಸ್ತ್ರಿ ಉಗುರಿನಿಂದ ಅದನ್ನು ಸವರಿ ಸವರಿ ನೋಡಿ ತಲೆಯಾಡಿಸಿದಾಗ ಚಾಲಕನ ಮುಖ ಅರಳಿತು. ಇಲ್ಲಿನ ಎಷ್ಟೋ ಗಾಡಿಗಳಿಗೆ ಮಹೀಂದ್ರ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಹುಟ್ಟಿನ ಪೆಟ್ರೋಲ್ ಇಂಜಿನ್ ಉಳಿಸಿಕೊಂಡ ಹೆಮ್ಮೆ ಅವನದು.

ಹೊಸ ರಿಂಗ್ ಹಾಕಿ ಎಲ್ಲ ಮತ್ತೆ ಜೋಡಿಸಿದ ಮೇಲೆ ಕೊನೆಗೂ ಹೊರಟೆವು. ಸಂದಕ್‌ಫುವಿಗೆ ಸುಮಾರು 31 ಕಿಲೋಮೀಟರ್. ತುಮ್ಲಿಂಗ್ ದಾಟಿ, ಗೈರಿಬಾಸ್ ದಾಟಿ, ಕಲ್ಲುಗುಂಡುಗಳ ಮೇಲೆ ಗಾಡಿ ಏಳುತ್ತ ಬೀಳುತ್ತ ಹತ್ತುತ್ತದೆ. ಕೊಡಚಾದ್ರಿಯ ಜೀಪಿನಲ್ಲಿ ಕೂತವರಿಗೆ ಈ ಕುಲುಕಾಟ ಹೊಸದಲ್ಲ, ಎತ್ತರ ಹೊಸದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಸಂದಕ್‌ಫು 3,636. ತೆಳುಗಾಳಿಗೆ ಇಂಜಿನ್ನೂ ಏದುಸಿರು ಬಿಡುತ್ತದೆ, ಹೊಗೆ ಮಾತ್ರ ಇಲ್ಲ.

ಕಾಲಾಪೋಖ್ರಿಯಲ್ಲಿ ಚಹಾಕ್ಕೆ ನಿಂತಾಗ ಚಾಲಕ ಆಯಿಲ್ ಕಡ್ಡಿ ಎಳೆದು ನನಗೇ ಮೊದಲು ತೋರಿಸುತ್ತಾನೆ: ಗುರುತಿನಿಂದ ಕೂದಲೆಳೆಯಷ್ಟೂ ಇಳಿದಿಲ್ಲ. ಹೆಡ್ಡಿನ ಬೋಲ್ಟುಗಳನ್ನು ನಾಳೆ ಕೆಳಗಿಳಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು, ಮೇಸ್ತ್ರಿಯ ಅಪ್ಪಣೆ. ಆ ಹೊತ್ತಿಗೂ ಶೆಡ್ಡಿನಲ್ಲಿರಲು ನಾನು ಈಗಲೇ ಒಪ್ಪಿಗೆ ಪಡೆದಿದ್ದೇನೆ.