ಹೊರಗೆ ಕುಳಿತ ಮೂರು ದಿನ

ಎರಡು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಪುಣೆಯಲ್ಲಿ ನಮ್ಮಲ್ಲೊಬ್ಬರ ಮನೆಯಲ್ಲಿ ನಾವು ಏಳು ಮಂದಿ ಹೆಂಗಸರು ಸೇರುತ್ತೇವೆ. ಇಬ್ಬರು ಕನ್ನಡದವರು, ನಾಲ್ವರು ಮರಾಠಿಯವರು, ಒಬ್ಬರು ತೆಲುಗಿನವರು. ವಯಸ್ಸು, ಜಾತಿ, ನೌಕರಿ ಯಾವುದರಲ್ಲಿಯೂ ನಮಗೆ ಹೋಲಿಕೆಯಿಲ್ಲ. ನಮ್ಮನ್ನು ಕೂಡಿಸಿರುವುದು ಒಂದೇ ಸಂಗತಿ: ನಾವು ಗರ್ಭಕೋಶವಿಲ್ಲದೆ ಹುಟ್ಟಿದವರು, ಒಮ್ಮೆಯೂ ಮುಟ್ಟಾದವರಲ್ಲ.

ಇದನ್ನು ಗುರುತಿಸಿದ ನಾಲ್ವರು ವೈದ್ಯರ ಹೆಸರು ಸೇರಿಸಿ ಮೇಯರ್-ರೋಕಿಟಾನ್‌ಸ್ಕಿ-ಕ್ಯುಸ್ಟರ್-ಹೌಸರ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಅಂಡಾಶಯಗಳಿರುತ್ತವೆ, ಮೈ ಎಲ್ಲರಂತೆಯೇ ತುಂಬಿಕೊಳ್ಳುತ್ತದೆ; ಆದರೆ ಗರ್ಭಕೋಶ ಇರುವುದಿಲ್ಲ ಅಥವಾ ಬೆಳೆದಿರುವುದಿಲ್ಲ, ಯೋನಿಮಾರ್ಗ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಕೆಲವರಿಗೆ ಮೂತ್ರಪಿಂಡವೂ ಒಂದೇ. ಹದಿನಾರು ತುಂಬಿದರೂ ಮಗಳು ದೊಡ್ಡವಳಾಗಲಿಲ್ಲವೆಂದು ತಾಯಿ ಆಸ್ಪತ್ರೆಗೆ ಕರೆದೊಯ್ದಾಗಲೇ ಸಾಮಾನ್ಯವಾಗಿ ವಿಷಯ ತಿಳಿಯುವುದು.

ಕಳೆದ ಮಳೆಗಾಲದಲ್ಲಿ ಜತ್ತದ ಕಡೆಯ ಕನ್ನಡದ ತಾಯಿಯೊಬ್ಬರು ಹದಿನೇಳರ ಮಗಳೊಡನೆ ಬಂದರು. ಹುಡುಗಿಯನ್ನು ಹೊರಗೆ ಕೂರಿಸಿ, ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. "ಅಕ್ಕಾರ, ಆಕಿಗಿ ಏನೂ ಹೇಳಿಲ್ಲ. ಸಣ್ಣ ಆಪರೇಷನ್ ಐತಿ ಅಂದೀನಿ. ನೀವೂ ಹೇಳಬ್ಯಾಡ್ರಿ." ಬರುವ ತಿಂಗಳೇ ಶಸ್ತ್ರಚಿಕಿತ್ಸೆ ಮಾಡಿಸುವುದು ಅವರ ವಿಚಾರವಾಗಿತ್ತು. ಆಮೇಲೆ ಮದುವೆ.

ನಮ್ಮಲ್ಲಿ ಇಬ್ಬರಿಗೆ ಹೀಗೆಯೇ ಆಗಿತ್ತು. ಏನು ಮಾಡುತ್ತಿದ್ದಾರೆಂದು ತಿಳಿಸದೆ ಕೊಯ್ದರು. ಏನಾಗಿತ್ತೆಂಬುದನ್ನು ವರ್ಷಗಳ ಮೇಲೆ ಹಳೆಯ ಫೈಲಿನಲ್ಲಿ ಓದಿಕೊಂಡರು. ಆ ಗಾಯ ಹೊಟ್ಟೆಯ ಗಾಯಕ್ಕಿಂತ ಆಳವಾದದ್ದು. ಇದು ತುರ್ತಿನ ಚಿಕಿತ್ಸೆಯಲ್ಲ. ಶಸ್ತ್ರಕ್ರಿಯೆಗೆ ಮೊದಲು, ಡೈಲೇಟರ್ ಬಳಸಿ ನಿಧಾನವಾಗಿ ಮಾರ್ಗವನ್ನು ಹಿಗ್ಗಿಸುವ ಕ್ರಮವೊಂದಿದೆ. ಬಹುಪಾಲು ಮಂದಿಗೆ ಅದೇ ಸಾಕಾಗುತ್ತದೆ. ಯಾವಾಗ, ಹೇಗೆ, ಬೇಕೋ ಬೇಡವೋ ಎಂಬುದನ್ನು ಆ ದೇಹದವಳೇ ಹೇಳಬೇಕು. ಹೇಳಲು ಮೊದಲು ಅವಳಿಗೆ ತಿಳಿದಿರಬೇಕು.

"ಅವಳಿಗೆ ಹೇಳಬೇಕಾದವರು ನೀವು. ನಾವು ಪಕ್ಕದಲ್ಲಿ ಕೂಡುತ್ತೇವೆ" ಎಂದೆವು. ತಾಯಿ ಬಹಳ ಹೊತ್ತು ಸೆರಗು ತಿರುವುತ್ತ ನಿಂತರು. ಕೊನೆಗೆ ಹೊರಗೆ ಬಂದು ಮಗಳ ಮುಂದೆ ಕುಳಿತು, "ನಿನಗ ಗರ್ಭಚೀಲ ಇಲ್ಲವ್ವಾ" ಎಂದರು. ಮುಂದೆ ಮಾತು ಹೊರಡಲಿಲ್ಲ.

ಹುಡುಗಿ ಅಳಲಿಲ್ಲ. "ಹಂಗಾರ ನಾ ಹೆಣ್ಣಲ್ಲೇನು?" ಎಂದು ಕೇಳಿದಳು.

ನಮ್ಮಲ್ಲಿ ಹಿರಿಯರಾದವರು ಉತ್ತರದ ಬದಲು ಒಂದು ಕತೆ ಹೇಳಿದರು. ಮದುವೆಗೆ ಮುಂಚೆ ತವರಿನಲ್ಲಿ, ನೆರೆಯವರ ಬಾಯಿಗೆ ಹೆದರಿ, ಅವರಮ್ಮ ತಿಂಗಳಿಗೆ ಮೂರು ದಿನ ಅವರನ್ನು ಹೊರಗೆ ಕೂರಿಸುತ್ತಿದ್ದರಂತೆ. ಬೇರೆ ಚಾಪೆ, ಬೇರೆ ತಟ್ಟೆ, ನಾಲ್ಕನೆಯ ದಿನ ತಲೆಸ್ನಾನ, ಎಲ್ಲ ಕ್ರಮಬದ್ಧ. ಒಂದು ತಿಂಗಳು ತಾಯಿಗೆ ಲೆಕ್ಕ ತಪ್ಪಿ, ಹದಿನೈದೇ ದಿನಕ್ಕೆ ಮತ್ತೆ ಕೂರಿಸಿಬಿಟ್ಟರು! ನಾವೆಲ್ಲ ನಕ್ಕೆವು. ನಮ್ಮಲ್ಲೊಬ್ಬಳು ಇಂದಿಗೂ ಕಚೇರಿಯ ಚೀಲದಲ್ಲಿ ಬೇಡದ ಪ್ಯಾಡು ಇಟ್ಟುಕೊಂಡು ತಿರುಗುತ್ತಾಳೆ. ಹುಡುಗಿ ಮೆಲ್ಲನೆ, "ನಾನೂ ಸಾಲ್ಯಾಗ ಹೊಟ್ಟಿನೋವು ಅಂತ ಸುಳ್ಳು ಹೇಳ್ತಿದ್ನಿ" ಎಂದಳು. ಅಷ್ಟು ಹೊತ್ತಿಗೆ ಅವಳ ಪ್ರಶ್ನೆಯ ಮೊನೆ ತುಸು ಮೊಂಡಾಗಿತ್ತು.

ಮಿಕ್ಕದ್ದಕ್ಕೆ ನಾವು ಸುಳ್ಳು ಭರವಸೆ ಕೊಡಲಿಲ್ಲ. 2014ರಲ್ಲಿ ಸ್ವೀಡನ್ನಿನಲ್ಲಿ ನಮ್ಮಂತೆಯೇ ಹುಟ್ಟಿದ ಹೆಂಗಸೊಬ್ಬಳು ಕಸಿಮಾಡಿದ ಗರ್ಭಕೋಶದಲ್ಲಿ ಮಗುವನ್ನು ಹೆತ್ತಳು. 2017ರಲ್ಲಿ ನಮ್ಮ ಪುಣೆಯಲ್ಲಿಯೇ ಅಂಥ ಕಸಿ ನಡೆಯಿತು. ಆದರೆ ಅದು ದೊಡ್ಡ ಶಸ್ತ್ರಕ್ರಿಯೆ, ಎಲ್ಲರ ಕೈಗೆ ಎಟುಕುವಂಥದಲ್ಲ. ನಮ್ಮದೇ ಅಂಡದಿಂದ ಬಾಡಿಗೆ ತಾಯ್ತನ ಸಾಧ್ಯ. ಆದರೆ 2021ರ ಕಾನೂನಿನಲ್ಲಿ ಮದುವೆಯೇ ಆಗದವಳಿಗೆ ಆ ದಾರಿಯಿಲ್ಲ. ವರನಿಗೆ ಹೇಳಬೇಕೇ ಎಂದು ತಾಯಿ ಕೇಳಿದಾಗ ನಮ್ಮ ನಮ್ಮ ಬದುಕನ್ನಷ್ಟೇ ಹೇಳಿದೆವು. ಒಬ್ಬಳು ಹೇಳಿದಳು, ಸಂಬಂಧ ಮುರಿಯಿತು. ಇನ್ನೊಬ್ಬಳೂ ಹೇಳಿದಳು, ಹದಿನೈದು ವರ್ಷದ ಸಂಸಾರ ನಡೆಸಿದ್ದಾಳೆ. ಮತ್ತೊಬ್ಬಳ ಮನೆಯವರು ಮುಚ್ಚಿಟ್ಟರು, ಅದು ಕೋರ್ಟಿನವರೆಗೆ ಹೋಯಿತು.

ಮುಂದಿನ ಸಲ ತಾಯಿ, ಮಗಳು ಇಬ್ಬರೂ ಬಂದರು. ಹುಡುಗಿಯ ಕೈಯಲ್ಲೊಂದು ನೋಟುಬುಕ್ಕು. ವೈದ್ಯರನ್ನು ಕೇಳಬೇಕಾದ ಒಂಬತ್ತು ಪ್ರಶ್ನೆಗಳನ್ನು ಅವಳೇ ಬರೆದಿದ್ದಳು. ಅವುಗಳ ಮೇಲೆ, ಪ್ರಶ್ನೆಯಲ್ಲದ ಒಂದು ಸಾಲು: ಹನ್ನೆರಡನೆಯ ಪರೀಕ್ಷೆ ಮುಗಿಯುವ ತನಕ ಆಪರೇಷನ್ ಬೇಡ. ತಾಯಿ ಅದರ ಕೆಳಗೆ ರುಜು ಹಾಕಿದ್ದರು.