ಮೂವತ್ತು ಅಂಕದ ಸಾಲು

ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುವಷ್ಟು ಸಲೀಸಾಗಿ ಉಪಾಧ್ಯಾಯನಾದವನು ತನ್ನ ತಪ್ಪನ್ನು ಒಪ್ಪಿಕೊಳ್ಳಲಾರ. ಮೂರು ದಶಕಗಳಿಂದ ಈ ವೃತ್ತಿಯಲ್ಲಿರುವ ನನಗೆ ಇದು ಸ್ವಾನುಭವದ ಮಾತು. ಕಳೆದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯ ಕಾಲದಲ್ಲಿ ನನ್ನಿಂದಾದ ಒಂದು ಪ್ರಮಾದವನ್ನೂ ಅದನ್ನು ತಿದ್ದಹೊರಟಾಗ ನಾನು ಕಲಿತ ಪಾಠವನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮದು ಕಾಸರಗೋಡಿನ ಒಳನಾಡಿನ ಕನ್ನಡ ಮಾಧ್ಯಮದ ಶಾಲೆ. ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾದ ಮೇಲೆ ನಮ್ಮಂತಹ ಹಳ್ಳಿಯ ಶಾಲೆಗಳಿಗೂ ಕಂಪ್ಯೂಟರ್ ಬಂದಿತು. ತರಬೇತಿಯ ದಿನಗಳಲ್ಲಿ ಸೀಮೆಸುಣ್ಣ ಕರಿಹಲಗೆಗಳಿಗಿಂತ ಹೆಚ್ಚಿನ ಉಪಕರಣವನ್ನು ಕಾಣದಿದ್ದ ನಾನು, ಮಕ್ಕಳಿಗಿಂತ ಒಂದು ಪಾಠವಾದರೂ ಮುಂದಿರಬೇಕೆಂಬ ಹಟದಿಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಅಲ್ಪಸ್ವಲ್ಪ ಕಲಿತೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಆಗಾಗ ಫೋನಿನಲ್ಲಿ ಹೇಳಿಕೊಡುತ್ತಿದ್ದ.

ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ 2005ರಿಂದ ಗ್ರೇಡ್ ಪದ್ಧತಿ ಇದೆ. ನೂರಕ್ಕೆ 90 ಹಾಗೂ ಅದಕ್ಕಿಂತ ಹೆಚ್ಚು ಅಂಕಕ್ಕೆ ಎ ಪ್ಲಸ್, 80ರಿಂದ 89ರವರೆಗೆ ಎ, ಹೀಗೆ ಹತ್ತು ಹತ್ತು ಅಂಕಗಳಂತೆ ಇಳಿಯುತ್ತ 30ರಿಂದ 39ಕ್ಕೆ ಡಿ ಪ್ಲಸ್, 20ರಿಂದ 29ಕ್ಕೆ ಡಿ, ಅದಕ್ಕೂ ಕೆಳಗೆ ಇ. ಒಟ್ಟು ಒಂಬತ್ತು ಗ್ರೇಡುಗಳು. ಮುಂದಿನ ಮೆಟ್ಟಲಿಗೆ ಅರ್ಹತೆ ದೊರೆಯುವುದು ಡಿ ಪ್ಲಸ್‌ನಿಂದ. ನಮ್ಮ ಶಾಲೆಯ ಪರೀಕ್ಷೆಗಳಿಗೂ ಇದೇ ಅಳತೆ. ನೂರಾರು ಮಕ್ಕಳ ಅಂಕಗಳನ್ನು ಕೈಯಿಂದ ಗ್ರೇಡುಗಳಾಗಿ ಪರಿವರ್ತಿಸುವ ಶ್ರಮವನ್ನು ತಪ್ಪಿಸಲೆಂದು ನಾನೇ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ.

ಪಾಠದ ಒಂದು ಘಟಕ ಮುಗಿದೊಡನೆ ನಾವು ನಡೆಸುವ ಪರೀಕ್ಷೆಗೆ ಘಟಕ ಪರೀಕ್ಷೆ, ಅಂದರೆ ಯೂನಿಟ್ ಟೆಸ್ಟ್ ಎನ್ನುತ್ತೇವಷ್ಟೆ. ಪ್ರೋಗ್ರಾಮ್ ಬರೆಯುವವರಲ್ಲಿಯೂ ಇದೇ ಹೆಸರಿನ ಪರೀಕ್ಷೆಯಿದೆಯೆಂದು ತಿಳಿದಾಗ ನನಗೆ ನಗು ಬಂದಿತ್ತು. ಆದರೆ ಅಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವುದು ಪ್ರೋಗ್ರಾಮಿನ ಒಂದು ಚಿಕ್ಕ ಭಾಗ. ಇಂತಿಷ್ಟು ಅಂಕ ಕೊಟ್ಟರೆ ಇಂತಹ ಗ್ರೇಡೇ ಬರಬೇಕೆಂದು ಮೊದಲೇ ಬರೆದಿಟ್ಟು, ಬಂದ ಉತ್ತರವನ್ನು ಅದರೊಡನೆ ತಾಳೆ ನೋಡುವುದು. ಪೈಥಾನ್ ಭಾಷೆಯಲ್ಲಿ ಇದಕ್ಕೆ ಪೈಟೆಸ್ಟ್ ಎಂಬ ಸಾಧನವಿದೆ. "ಮಾವ, ತಪ್ಪು ಹೆಚ್ಚಾಗಿ ಇರುವುದು ಗಡಿಯಲ್ಲಿ. ಪ್ರತಿ ಗ್ರೇಡಿನ ಕೆಳಗಿನ ಅಂಕವನ್ನೂ ಮೇಲಿನ ಅಂಕವನ್ನೂ ಪರೀಕ್ಷಿಸಿ" ಎಂದು ಅಳಿಯ ಎಚ್ಚರಿಸಿದ್ದ. ಒಂಬತ್ತು ಗ್ರೇಡುಗಳಿಗೆ ಎರಡೆರಡರಂತೆ ಹದಿನೆಂಟು ಪರೀಕ್ಷೆಗಳಾದುವು. ಮೊದಲನೆಯದನ್ನು ಬರೆದು, ಉಳಿದವುಗಳನ್ನು ನಕಲು ಮಾಡಿ, ಹೆಸರನ್ನೂ ಅಂಕವನ್ನೂ ಗ್ರೇಡನ್ನೂ ಬದಲಾಯಿಸುತ್ತ ಹೋದೆ. ರಾತ್ರಿ ಹನ್ನೊಂದಕ್ಕೆ ಎಲ್ಲವೂ ಮುಗಿಯಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ "17 ಉತ್ತೀರ್ಣ" ಎಂಬ ಅರ್ಥದ ಸಾಲು ಕಾಣಿಸಿತು. ಅನುತ್ತೀರ್ಣವಾದುದು ಒಂದೂ ಇಲ್ಲವೆಂದು ಸಮಾಧಾನದಿಂದ ಮಲಗಿದೆ.

ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಸಿದ್ಧವಾಯಿತು. ಡಿ ಪ್ಲಸ್ ತಲುಪದವರಿಗೆ ಸಂಜೆಯ ವಿಶೇಷ ತರಗತಿ. ಅವರ ಹೆಸರುಗಳನ್ನು ಫಲಕಕ್ಕೆ ಅಂಟಿಸಿದೆವು. ಮಧ್ಯಾಹ್ನದ ವೇಳೆಗೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಹಿಂದಿನ ಪರೀಕ್ಷೆಯಲ್ಲಿ ಗಣಿತದಲ್ಲಿ 17 ಅಂಕ ಪಡೆದಿದ್ದವಳು ಈ ಸಲ 30 ಪಡೆದಿದ್ದಳು.

"ಮಾಷ್ಟ್ರೇ, ಮೂವತ್ತಕ್ಕೆ ಡಿ ಪ್ಲಸ್ ಅಲ್ಲವಾ?"

ನಾನು ತಲೆಯೆತ್ತಿಯೂ ನೋಡಲಿಲ್ಲ. "ಕಂಪ್ಯೂಟರ್ ಹಾಕಿದ ಗ್ರೇಡು. ಎಲ್ಲ ಪರೀಕ್ಷೆ ಮಾಡಿ ನೋಡಿದ್ದೇನೆ. ಹೋಗು" ಎಂದುಬಿಟ್ಟೆ.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಬೀಡಿ ಕಟ್ಟಿ ಆ ಮಗುವನ್ನು ಸಾಕುತ್ತಿರುವ ಅಜ್ಜಿ ಬಂದರು. "ಎಷ್ಟು ಓದಿದರೂ ಅಷ್ಟೇ ಅಂತ ಅಳುತ್ತಾಳೆ ಮಾಷ್ಟ್ರೇ. ನನ್ನ ಜೊತೆ ಬೀಡಿಗೆ ಕೂತುಕೊಳ್ಳುತ್ತೇನೆ ಅನ್ನುತ್ತಾಳೆ" ಎಂದರು. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಆ ರಾತ್ರಿ ಪ್ರೋಗ್ರಾಮನ್ನೂ ಪರೀಕ್ಷೆಗಳನ್ನೂ ಅಳಿಯನಿಗೆ ಕಳುಹಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂದಿತು. "ಮಾವ, ಹದಿನೆಂಟು ಬರೆದಿದ್ದೀರಿ, ಓಡಿರುವುದು ಹದಿನೇಳೇ ಅಲ್ಲವೆ?"

ಪ್ರತಿದಿನ ಬೆಳಗ್ಗೆ ಮಕ್ಕಳ ತಲೆ ಎಣಿಸಿ ಹಾಜರಿ ತೆಗೆದುಕೊಳ್ಳುವ ನಾನು ಅದನ್ನು ಎಣಿಸಿರಲಿಲ್ಲ! 30 ಅಂಕದ ಪರೀಕ್ಷೆಯನ್ನು ನಕಲು ಮಾಡಿ 29ರದನ್ನು ಬರೆಯುವಾಗ ಒಳಗಿನ ಅಂಕ ಮತ್ತು ಗ್ರೇಡುಗಳನ್ನು ಬದಲಿಸಿ, ಹೆಸರನ್ನು ಬದಲಿಸಲು ಮರೆತಿದ್ದೆ. ಒಂದೇ ಹೆಸರಿನ ಎರಡು ಇದ್ದರೆ ಪೈಥಾನ್ ಹಿಂದಿನದನ್ನು ಕೈಬಿಟ್ಟು ನಂತರದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ದೂರು ಹೇಳುವುದಿಲ್ಲ. ಹೀಗೆ 30ರ ಪರೀಕ್ಷೆ ನಡೆದೇ ಇರಲಿಲ್ಲ. ತಪ್ಪಿದ್ದುದೂ ಅಲ್ಲಿಯೇ. "30 ಅಥವಾ ಅದಕ್ಕಿಂತ ಹೆಚ್ಚು" ಎಂದು ಬರೆಯಬೇಕಾದಲ್ಲಿ "30ಕ್ಕಿಂತ ಹೆಚ್ಚು" ಎಂದು ಬರೆದಿದ್ದೆ.

"ಒಂದೇ ಮಾತನ್ನು ಹದಿನೆಂಟು ಸಲ ಬರೆದದ್ದೇ ತಪ್ಪಿಗೆ ದಾರಿಯಾಯಿತು ಮಾವ. ಮಾತನ್ನು ಒಮ್ಮೆ ಬರೆಯಿರಿ, ಬದಲಾಗುವುದನ್ನು ಮಾತ್ರ ಕೋಷ್ಟಕದಲ್ಲಿ ಇಡಿ" ಎಂದ. ಪೈಟೆಸ್ಟ್‌ನಲ್ಲಿ ಇದಕ್ಕೆ 'ಪ್ಯಾರಾಮೆಟ್ರೈಸ್' ಎನ್ನುತ್ತಾರೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮ ಎಂಬವರು 1997ರಲ್ಲಿ ರೂಪಿಸಿದ, ಜಾವಾ ಭಾಷೆಯ ಜೆಯೂನಿಟ್ ಎಂಬ ಪರೀಕ್ಷಾ ಸಾಧನದಲ್ಲಿಯೂ ಮುಂದೆ ಈ ಅನುಕೂಲ ಸೇರಿತಂತೆ.

ನನಗೆ ಒಮ್ಮೆಲೆ ತರಬೇತಿ ಶಾಲೆ ನೆನಪಾಯಿತು. ಹತ್ತು ಲೆಕ್ಕಗಳಿಗೆ ಹತ್ತು ಸಲ ಪ್ರಶ್ನೆ ಬರೆದು ಕರಿಹಲಗೆ ತುಂಬಿಸಬೇಡಿರಿ, ಸೂಚನೆಯನ್ನು ಮೇಲೆ ಒಮ್ಮೆ ಬರೆದು ಕೆಳಗೆ ಕೋಷ್ಟಕ ಎಳೆಯಿರಿ ಎಂದು ನಮಗೆ ಕಲಿಸಿದ್ದರು. ಅದನ್ನೇ ಮಾಡಿದೆ. ಪರೀಕ್ಷೆ ಒಂದು, ಅದರ ಮೇಲೆ ಎರಡು ಅಂಕಣಗಳ ಹದಿನೆಂಟು ಸಾಲುಗಳು: ಅಂಕ, ಬರಬೇಕಾದ ಗ್ರೇಡು. ತೊಂಬತ್ತು ಗೆರೆಗಳ ಬರಹ ಇಪ್ಪತ್ತೈದಕ್ಕೆ ಇಳಿಯಿತು. ಯಾವ ಗಡಿ ಬಿಟ್ಟುಹೋಗಿದೆ ಎಂಬುದು ಮಗ್ಗಿಯ ಪುಸ್ತಕದಲ್ಲಿ ಹರಿದ ಹಾಳೆಯಂತೆ ಕಣ್ಣಿಗೆ ಬೀಳುವ ಹಾಗಾಯಿತು. ಓಡಿಸಿದೊಡನೆ ಹದಿನೇಳು ಉತ್ತೀರ್ಣ, ಒಂದು ಅನುತ್ತೀರ್ಣ. ಆ ಒಂದು 30ರ ಸಾಲು.

ಅಳಿಯ ಮತ್ತೆರಡು ಮಾತು ಸೇರಿಸಿದ. ಒಂದೇ ಪರೀಕ್ಷೆಯೊಳಗೆ ಆವರ್ತನ ಹಾಕಿ ಎಲ್ಲ ಅಂಕಗಳನ್ನು ನೋಡಹೊರಟರೆ ಮೊದಲ ತಪ್ಪಿನಲ್ಲಿಯೇ ಅದು ನಿಂತುಬಿಡುತ್ತದೆ. ಕೋಷ್ಟಕದಲ್ಲಾದರೆ ಪ್ರತಿ ಸಾಲೂ ಬೇರೆ ಬೇರೆ ಪರೀಕ್ಷೆಯಾಗಿ ಓಡಿ, ತಪ್ಪಿದ ಸಾಲುಗಳನ್ನೆಲ್ಲ ಹೇಳುತ್ತದೆ. ಎರಡನೆಯದಾಗಿ, ಬರಬೇಕಾದ ಉತ್ತರವನ್ನು ನಾವೇ ಕೈಯಿಂದ ಬರೆಯಬೇಕು. ಅದನ್ನೂ ಪ್ರೋಗ್ರಾಮಿನಿಂದಲೇ ಲೆಕ್ಕ ಹಾಕಿಸಿದರೆ ವಿದ್ಯಾರ್ಥಿ ತನ್ನ ಪತ್ರಿಕೆಯನ್ನು ತಾನೇ ತಿದ್ದಿದಂತಾಗುತ್ತದೆ. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುರುಕಬಾರದೆಂಬುದು ನಾನೇ ಕಂಡುಕೊಂಡ ಮಾತು. ಗೈರುಹಾಜರಾದ ಮಗುವಿಗೆ ಅಂಕವೇ ಇಲ್ಲ, ಆದುದರಿಂದ ಗ್ರೇಡೂ ಇಲ್ಲ. ಅದನ್ನು ಈ ಸಾಲುಗಳ ನಡುವೆ ಸೇರಿಸಹೋದರೆ "ಇದು ಹಾಗಿದ್ದರೆ ಹೀಗೆ" ಎಂಬ ಷರತ್ತುಗಳು ಬೆಳೆಯುತ್ತವೆ. ಅದಕ್ಕೆ ಪ್ರತ್ಯೇಕ ಪರೀಕ್ಷೆಯನ್ನೇ ಬರೆದೆ.

ಮರುದಿನ ಬೆಳಗಿನ ಪ್ರಾರ್ಥನೆಯ ಬಳಿಕ ಎಲ್ಲ ಮಕ್ಕಳ ಎದುರು ನಡೆದುದನ್ನು ಹೇಳಿ, ತಪ್ಪು ಕಂಪ್ಯೂಟರಿನದಲ್ಲ, ನನ್ನದು ಎಂದೆ. ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಚಾಪೆ ಹಾಸಿದರು. ತಿದ್ದಿದ ಗ್ರೇಡು ಪಟ್ಟಿಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿ, "ಮತ್ತೆ ಯಾರದಾದರೂ ತಪ್ಪಿದೆಯಾ ಮಾಷ್ಟ್ರೇ?" ಎಂದು ಕೇಳಿದಳು. ಅವಳಿಗಿದ್ದ ಆ ಸಂಶಯ ನನಗೆ ಮೊದಲೇ ಇರಬೇಕಿತ್ತು. ರಾತ್ರಿ ಪಟ್ಟಿಯನ್ನೆಲ್ಲ ಮತ್ತೆ ತಾಳೆ ನೋಡಿದಾಗ ಬೇರೆ ತರಗತಿಗಳಲ್ಲಿಯೂ ಸರಿಯಾಗಿ ಮೂವತ್ತು ಪಡೆದ ಇಬ್ಬರು ಸಿಕ್ಕಿದರು. ಅವರು ಬಂದು ಕೇಳಿರಲೇ ಇಲ್ಲ.

ಗಡಿಯಲ್ಲಿರುವವರು ಎಣಿಕೆಯಿಂದ ಬಿಟ್ಟುಹೋಗುವುದು ಎಷ್ಟು ಸುಲಭವೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗಿದ್ದೂ ನನ್ನ ಕೈಯಿಂದಲೇ ಅದು ನಡೆಯಿತು. ಈಗ ಪ್ರೋಗ್ರಾಮ್ ಓಡಿಸಿದಾಗಲೆಲ್ಲ ಹಸಿರು ಬಣ್ಣ ಕಂಡಿತೆಂದು ಏಳುವುದಿಲ್ಲ. ಹಾಜರಿ ತೆಗೆದುಕೊಳ್ಳುವಂತೆ ಮೊದಲು ಎಣಿಸುತ್ತೇನೆ. ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ, ದಿನವೂ ಬರುತ್ತಾಳೆ.