ಗೋಪಿಯ ಕಣ್ಣಿಗೆ ಯಾವ ಬಣ್ಣ?

ವಾರ್ಷಿಕೋತ್ಸವಕ್ಕೆ ಇನ್ನು ನಾಲ್ಕೇ ದಿನ. ಮೇಲುಕೋಟೆಯಲ್ಲಿ ಮಕ್ಕಳು ನಾಟಕ ಆಡುತ್ತಾರೆಂದರೆ ಪು.ತಿ.ನ. ಅವರ 'ಗೋಕುಲ ನಿರ್ಗಮನ'ದ ಮಾತು ಬಾರದೆ ಇರುವುದಿಲ್ಲ. ಕವಿ 1905ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆ ವರ್ಷವೂ ಅದರ ಒಂದು ಭಾಗವನ್ನೇ ಆಡಿಸುವುದೆಂದು ತೀರ್ಮಾನವಾಗಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಗೋಪಿಯ ಪಾತ್ರ ಸಿಕ್ಕಿತು. ಅವಳ ಗೆಳತಿಗೆ ಕೃಷ್ಣನ ಪಾತ್ರ.

ಗೆಳತಿ ಹಾಲಿನಂಥ ಬಣ್ಣದವಳು. ಗೋಪಿಯಾಗುವವಳು ಎಣ್ಣೆಗಪ್ಪು. ಬಣ್ಣದ ತಾಲೀಮಿನ ದಿನ ಬಂದ ಮೇಕಪ್ಪಿನವರು ಬೆಳ್ಳಗಿನ ಹುಡುಗಿಯನ್ನು ಕೂರಿಸಿ ಮುಖಕ್ಕೆಲ್ಲ ನೀಲಿ ಬಳಿದರು. ಆಮೇಲೆ ಕಪ್ಪು ಹುಡುಗಿಯನ್ನು ಕೂರಿಸಿ ಜಿಂಕ್ ಪುಡಿ ಕಲಸಿ ಬಿಳಿ ಬಳಿದರು. ಶ್ಯಾಮವರ್ಣದ ದೇವರಿಗಾಗಿ ಬಿಳಿಯ ಹುಡುಗಿಯನ್ನು ಕಪ್ಪು ಮಾಡುವುದು, ಅವನ ಗೋಪಿಗಾಗಿ ಕಪ್ಪು ಹುಡುಗಿಯನ್ನು ಬಿಳಿ ಮಾಡುವುದು! ಇದರಲ್ಲಿ ಏನೋ ಎಡವಟ್ಟಿದೆ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಹುಡುಗಿ ಮನೆಗೆ ಬಂದು, ಮೈಸೂರಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಚಿಕ್ಕಮ್ಮ ಕಳಿಸಿದ್ದ ಪುಟ್ಟ ಡಬ್ಬಿಗಳನ್ನು ತೆರೆದಳು. ಕಣ್ಣಿನ ರೆಪ್ಪೆಗೆ ಹಚ್ಚುವ ಮಿರುಗುವ ಪುಡಿಗಳು ಅವು: ಗುಲಾಬಿ, ತಾಮ್ರ, ನವಿಲುಗರಿಯ ಹಸಿರು. ಬಿಳಿ ಮುಖಕ್ಕೆ ಗುಲಾಬಿಯೇ ಒಪ್ಪುತ್ತದೆಂದು ಬೆರಳಿನಲ್ಲಿ ತೆಗೆದು ಉಜ್ಜಿದಳು. ಅರ್ಧ ಪುಡಿ ಕೆನ್ನೆಗೆ ಸುರಿಯಿತು, ಉಳಿದದ್ದು ರೆಪ್ಪೆಯ ಮೇಲೆ ಒಲೆಯ ಬೂದಿಯಂತೆ ಕೂತಿತು. ನೋಡಿದ ತಮ್ಮ ನಕ್ಕ. ಅವ್ವ ನಗಲಿಲ್ಲ. "ನನ್ನ ಬಣ್ಣವೇ ನಿನಗೂ ಬಂತಲ್ಲ ಮಗ" ಎಂದಳು, ತಾನೇ ತಪ್ಪು ಮಾಡಿದವಳಂತೆ. ಮಗಳು ಎಳೆಯವಳಿದ್ದಾಗಿನಿಂದ ಕಡಲೆಹಿಟ್ಟು, ಹಾಲಿನ ಕೆನೆ ಎಂದು ತಿಕ್ಕಿದವಳು ಅವಳು. ಬಿಳುಪಿನ ಆಸೆ ಈ ಮನೆಯದ್ದಷ್ಟೇ ಅಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಎಂಬ ಮಾತನ್ನು ಕೈಬಿಟ್ಟದ್ದು 2020ರಲ್ಲಿ.

ಮರುದಿನ ಬೆಳಗ್ಗೆ ಅವಳು ಪಾತ್ರ ಬೇಡವೆಂದು ಹೇಳಲು ಮೇಷ್ಟ್ರ ಮನೆಗೆ ಹೋದಳು. ನಿವೃತ್ತರಾದ ಮೇಲೂ ಮಕ್ಕಳಿಗೆ ನಾಟಕ ಕಲಿಸುತ್ತಿದ್ದ ಆ ಹಿರಿಯರು ಆಗಷ್ಟೇ ಸ್ನಾನ ಮುಗಿಸಿ, ಜಗಲಿಯಲ್ಲಿ ಕನ್ನಡಿ ಹಿಡಿದು ನಾಮ ಇಟ್ಟುಕೊಳ್ಳುತ್ತಿದ್ದರು. ಮೇಲುಕೋಟೆಯ ನಾಮದ ಮಣ್ಣಿಗೆ ದೊಡ್ಡ ಹೆಸರು. ಶ್ರೀರಾಮಾನುಜರೇ ಇಲ್ಲಿ ಆ ಬಿಳಿಮಣ್ಣನ್ನು ಕಂಡರೆಂದು ಐತಿಹ್ಯ ಹೇಳುತ್ತದೆ. ಮೇಷ್ಟ್ರು ಅಂಗೈಯಲ್ಲಿ ಎರಡು ಹನಿ ನೀರು ಹಾಕಿಕೊಂಡು ಮಣ್ಣಿನ ಗಟ್ಟಿಯನ್ನು ತೇಯ್ದರು. ಕಡ್ಡಿಯ ತುದಿಯಲ್ಲಿ ತೆಗೆದು ತೆಳುವಾಗಿ ಎಳೆದರು. ಒದ್ದೆಯಿದ್ದಾಗ ಮಂಕಾಗಿದ್ದ ಗೆರೆ ಒಣಗುತ್ತ ಒಣಗುತ್ತ ಅವರ ಕಪ್ಪು ಹಣೆಯ ಮೇಲೆ ಬೆಳ್ಳಗೆ ಎದ್ದು ನಿಂತಿತು.

ಹುಡುಗಿಯ ಮಾತು ಕೇಳಿ ಅವರು ಹೇಳಿದ್ದು ಇಷ್ಟೆ: "ನೋಡಮ್ಮ, ನನ್ನ ತಮ್ಮ ಕೆಂಪು ಮೈಯವನು. ಇದೇ ಮಣ್ಣು ಅವನ ಹಣೆಯಲ್ಲಿ ಮಾಸಲಾಗಿ ಕಾಣುತ್ತೆ. ಅವನಿಗೆ ಎದ್ದು ಕಾಣೋದು ನಡುವಿನ ಶ್ರೀಚೂರ್ಣ. ಮೈಬಣ್ಣ ಅನ್ನೋದು ಹಲಗೆ ಇದ್ದ ಹಾಗೆ. ಕಪ್ಪು ಹಲಗೆಗೆ ಯಾರಾದರೂ ಸುಣ್ಣ ಹೊಡೆದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೀತಾರೇನು?"

ಮೇಷ್ಟ್ರು ಹಲಗೆಯ ಲೆಕ್ಕದಲ್ಲಿ ಹೇಳಿದ್ದನ್ನು ವಿಜ್ಞಾನವೂ ಒಪ್ಪುತ್ತದೆ. ಈ ಮಿರುಗುಪುಡಿಗಳಲ್ಲಿ ಹೆಚ್ಚಿನವು ಅಭ್ರಕದ ಅತಿ ತೆಳುವಾದ ಚೂರುಗಳು. ಅವುಗಳ ಮೇಲೆ ಟೈಟೇನಿಯಂ ಡೈಆಕ್ಸೈಡಿನ ಅಥವಾ ಕಬ್ಬಿಣದ ಆಕ್ಸೈಡಿನ ಲೇಪ ಇರುತ್ತದೆ. ಲೇಪ ಎಷ್ಟು ದಪ್ಪ ಎಂಬುದರ ಮೇಲೆ ಹೊಳಪಿನ ಬಣ್ಣ ಬದಲಾಗುತ್ತದೆ. ಬೆಳಕಿನ ಒಂದು ಪಾಲು ಬಣ್ಣವಾಗಿ ಹಿಂದಕ್ಕೆ ಚಿಮ್ಮುತ್ತದೆ, ಉಳಿದದ್ದು ಚೂರನ್ನು ದಾಟಿ ಕೆಳಗಿಳಿಯುತ್ತದೆ. ಕೆಳಗೆ ಬಿಳಿ ಇದ್ದರೆ ಅದೂ ಮರಳಿ ಬಂದು ಮೊದಲಿನ ಬಣ್ಣವನ್ನು ಮಸುಕುಗೊಳಿಸುತ್ತದೆ. ಕೆಳಗೆ ಕಪ್ಪು ಇದ್ದರೆ ಅಲ್ಲೇ ಇಂಗಿಹೋಗಿ, ಚಿಮ್ಮಿದ ಬಣ್ಣವೊಂದೇ ಕಣ್ಣಿಗೆ ತುಂಬುತ್ತದೆ. ಕೃಷ್ಣನ ಮುಡಿಯ ನವಿಲುಗರಿಯ ಗುಟ್ಟೂ ಇದೇ. ಗರಿಯೊಳಗಿನ ಕರಿಯ ಮೆಲನಿನ್ ಕಣಗಳ ಜೋಡಣೆಯಿಂದಲೇ ಆ ನೀಲಿ, ಆ ಹಸಿರು. ಮೆಲನಿನ್ ಇಲ್ಲದ ನವಿಲು ಬರೀ ಬಿಳಿ. ಮನುಷ್ಯರ ಚರ್ಮಕ್ಕೆ ಕಪ್ಪು ಕೊಡುವುದೂ ಈ ಮೆಲನಿನ್ನೇ.

ಸಂಜೆಯ ಬಸ್ಸಿನಲ್ಲಿ ಚಿಕ್ಕಮ್ಮ ಬಂದಿಳಿದಳು. ಮೊದಲು ಬಿಳಿಯನ್ನೆಲ್ಲ ತೊಳೆಸಿದಳು. "ನಿನ್ನ ಬಣ್ಣಕ್ಕೆ ತಿಳಿಗುಲಾಬಿ, ತಿಳಿನೀಲಿ ಬೇಡ ಕಣೆ. ಅವುಗಳಲ್ಲಿ ಬಿಳಿ ಜಾಸ್ತಿ, ಅದಕ್ಕೇ ಬೂದಿ ಬಡಿದ ಹಾಗಾಗುತ್ತೆ" ಎಂದು ತಾಮ್ರದ ಡಬ್ಬಿ ಮುಂದಿಟ್ಟಳು. ಎಣ್ಣೆಗಪ್ಪಿಗೆ ತಾಮ್ರ, ಹಳೆಯ ಚಿನ್ನ, ನೇರಳೆ, ನವಿಲುಹಸಿರು ಒಪ್ಪುತ್ತವೆ. ಗೋಧಿಬಣ್ಣಕ್ಕೆ ಜೇನು, ಕಂಚು, ಒಣಗಿದ ಗುಲಾಬಿ. ಬೆಳ್ಳಗಿನವರಿಗೆ ತೆಳುಗಂದು, ಏಪ್ರಿಕಾಟ್ ಹಣ್ಣಿನ ಬಣ್ಣ. ಅವರಿಗೆ ಗಾಢವಾದದ್ದು ಸ್ವಲ್ಪ ಹೆಚ್ಚಾದರೂ ಕಣ್ಣು ಬಾತಂತೆ ಕಾಣುತ್ತದೆ. ಇದು ಶಾಸ್ತ್ರವಲ್ಲ, ರೂಢಿಯ ಲೆಕ್ಕ. ಮುಂಗೈ ಮೇಲೆ ಚೆಂದ ಕಂಡದ್ದನ್ನು ನಂಬಬಾರದು. ನಮ್ಮಲ್ಲಿ ಬಹಳ ಜನರ ರೆಪ್ಪೆ ಕೆನ್ನೆಗಿಂತ ಕಪ್ಪಾಗಿರುತ್ತದೆ. ರೆಪ್ಪೆಗೇ ಹಚ್ಚಿ ಹಗಲು ಬೆಳಕಿನಲ್ಲಿ ನೋಡಬೇಕು.

ಹಚ್ಚುವ ಕ್ರಮ ಕೇಳಿದರೆ ಮೇಷ್ಟ್ರ ನಾಮವೇ ನೆನಪಾಗುತ್ತದೆ. ಮುಖದ ಬಣ್ಣಕ್ಕಿಂತ ಮೊದಲು ಕಣ್ಣು, ಏಕೆಂದರೆ ಉದುರಿದ ಪುಡಿಯನ್ನು ಆಮೇಲೆ ಒರೆಸಿಬಿಡಬಹುದು. ರೆಪ್ಪೆಗೆ ತೆಳುವಾಗಿ ಕ್ರೀಮಿನ ಅಂಟು ಇರಬೇಕು. ಪುಡಿಯನ್ನು ಕಾಳಿನಷ್ಟು ಮುಚ್ಚಳಕ್ಕೆ ಸುರಿದುಕೊಳ್ಳಬೇಕು. ಒದ್ದೆ ಬ್ರಷ್ಷನ್ನು ಡಬ್ಬಿಯೊಳಕ್ಕೇ ಅದ್ದಿದರೆ ಉಳಿದ ಪುಡಿ ಕೆಡುತ್ತದೆ. ಬ್ರಷ್ಷನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಪುಡಿಯನ್ನು ಮುಟ್ಟಿಸಿ, ಮುಚ್ಚಿದ ರೆಪ್ಪೆಯ ಮೇಲೆ ಒತ್ತಬೇಕು, ಉಜ್ಜಬಾರದು. ಒತ್ತಿದರೆ ಅಭ್ರಕದ ಚೂರುಗಳು ಹೆಂಚು ಹೊದಿಸಿದಂತೆ ಮಟ್ಟಸವಾಗಿ ಮಲಗಿ ಹೊಳೆಯುತ್ತವೆ. ಉಜ್ಜಿದರೆ ಚೆದರಿ ಮಂಕಾಗುತ್ತವೆ. ಒಣಗಿದ ಮೇಲೆ ಅಂಚನ್ನು ಬರೀ ಬ್ರಷ್ಷಿನಿಂದ ಮೆಲ್ಲಗೆ ಸವರಿದರೆ ಸಾಕು.

ಪುಡಿ ಎಂದ ಮಾತ್ರಕ್ಕೆ ಎಲ್ಲ ಪುಡಿಯೂ ಕಣ್ಣಿಗಲ್ಲ. ಹಿಂದಿನ ಕಾಲದ ಬಣ್ಣದ ಮನೆಗಳಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇರುತ್ತಿದ್ದವು. ಒಂದರಲ್ಲಿರುವುದು ಆರ್ಸೆನಿಕ್, ಇನ್ನೊಂದರಲ್ಲಿರುವುದು ಪಾದರಸ. ಸೌಂದರ್ಯವರ್ಧಕಗಳ ಬಣ್ಣಕ್ಕೆ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ನಿಷೇಧವಿದೆ. ಆದರೂ ಹೆಸರಿಲ್ಲದ ಪೊಟ್ಟಣದೊಳಗೆ ಏನಿದೆಯೆಂದು ಬಲ್ಲವರಾರು? ರಂಗೋಲಿ ಪುಡಿ, ಹೋಳಿಯ ಬಣ್ಣ, ಕರಕುಶಲದ ಮಿನುಗುಚೂರು ಇವು ಯಾವುವೂ ರೆಪ್ಪೆಯ ಹತ್ತಿರ ಸುಳಿಯಬಾರದು. ಮಿನುಗುಚೂರಿನ ಚೂಪು ಅಂಚು ಕಣ್ಣಿನ ಪಾಪೆಯ ಮೇಲಿನ ಪೊರೆಯನ್ನು ಗೀರಬಲ್ಲದು. ಡಬ್ಬಿಯ ಮೇಲೆ ಕಣ್ಣಿಗೆಂದು ಬರೆದಿರಬೇಕು. ಹತ್ತು ಮಕ್ಕಳಿಗೆ ಒಂದೇ ಬ್ರಷ್ ಬಳಸಿದರೆ ನಾಟಕದ ಮರುದಿನ ಹತ್ತು ಜನಕ್ಕೂ ಕಣ್ಣುಬೇನೆ. ಪುಡಿ ಕಣ್ಣೊಳಗೆ ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಉರಿ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು.

ನಾಟಕದ ದಿನ ಆ ಹುಡುಗಿ ತನ್ನದೇ ಬಣ್ಣದಲ್ಲಿ ರಂಗಕ್ಕೆ ಬಂದಳು. ಮುಖಕ್ಕೆ ಮೈಗೊಪ್ಪುವ ತೆಳು ಪೌಡರ್, ರೆಪ್ಪೆಗೆ ತಾಮ್ರ, ಅಂಚಿಗೆ ಒಂದೆಳೆ ನವಿಲುಹಸಿರು. ಕೃಷ್ಣ ಗೋಕುಲ ಬಿಟ್ಟು ಹೊರಟಾಗ ಅವಳು ಕಣ್ಣು ಮುಚ್ಚಿ ನಿಂತ ಗಳಿಗೆಯಲ್ಲಿ, ದೀಪದ ಬೆಳಕಿಗೆ ಆ ರೆಪ್ಪೆಗಳು ಹಿಂದಿನ ಸಾಲಿನವರಿಗೂ ಕಂಡವು. ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದರು. ಅವರು ಬಣ್ಣದ ಮಾತು ಎತ್ತಲಿಲ್ಲ. ಎರಡನೆಯ ಹಾಡಿನಲ್ಲಿ ತಾಳ ತಪ್ಪಿದ್ದನ್ನು ಮಾತ್ರ ಹೇಳಿದರು.

ರಾತ್ರಿ ಮನೆಯಲ್ಲಿ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಬಣ್ಣ ತೆಗೆಯುತ್ತಿದ್ದಾಗ ಮುಚ್ಚಳದಲ್ಲಿ ಒಂದಿಷ್ಟು ತಾಮ್ರದ ಪುಡಿ ಉಳಿದಿತ್ತು. "ಅವ್ವ, ಕಣ್ಣು ಮುಚ್ಚು" ಎಂದಳು ಹುಡುಗಿ. "ಈ ವಯಸ್ಸಲ್ಲಿ ನಂಗ್ಯಾಕೆ ಇದೆಲ್ಲ" ಎನ್ನುತ್ತಲೇ ಅವ್ವ ಕಣ್ಣು ಮುಚ್ಚಿದಳು. ಆಮೇಲೆ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಳು. ಎಣ್ಣೆಯ ಬಟ್ಟಲನ್ನು ಮಗಳು ಮುಂದೆ ಹಿಡಿದಾಗ, "ಇರಲಿ ಬಿಡು, ಬೆಳಗ್ಗೆ ತೊಳೆದರಾಯ್ತು" ಎಂದು ದೀಪ ಆರಿಸಿದಳು.